ತಲೆಕೆಳಗಾದ ಇಪ್ಪತ್ತು ತಕ್ಕಡಿ

ಅಕ್ಕ ನಿವೃತ್ತಳಾಗಿ ಎರಡು ವರ್ಷವಾಗಿತ್ತು. ಆ ಎರಡು ವರ್ಷದಲ್ಲಿ ಅವಳಿಗೆ ಯಾವುದರ ಬಗ್ಗೆಯೂ ದೂರಿರಲಿಲ್ಲ. ಬೆಳಿಗ್ಗೆ ತಡವಾಗಿ ಏಳುವುದು, ಕಿಟಕಿಯ ಬಳಿ ಕೂತು ಎರಡು ಲೋಟ ಚಹಾ ಕುಡಿಯುವುದು, ಪಕ್ಕದ ಬೀದಿಯ ತಮ್ಮ ಬಂದರೆ ಅವನನ್ನು ಸ್ವಲ್ಪ ಹೊತ್ತು ಗೋಳುಹೊಯ್ದುಕೊಳ್ಳುವುದು. ಇಷ್ಟಿದ್ದರೆ ಮನುಷ್ಯನಿಗೆ ಇನ್ನೇನು ಬೇಕು ಎಂದು ಸಿಕ್ಕಿದವರನ್ನೆಲ್ಲ ಕೇಳುತ್ತಿದ್ದಳು. ಕೇಳಿಸಿಕೊಂಡವರು ಇನ್ನೂ ದಿನಾ ಕೆಲಸಕ್ಕೆ ಓಡುತ್ತಿದ್ದವರಾದ್ದರಿಂದ ಅವರಿಗೆ ಆ ಪ್ರಶ್ನೆ ಅಷ್ಟಾಗಿ ಹಿಡಿಸುತ್ತಿರಲಿಲ್ಲ.

ಅವಳು ಇಪ್ಪತ್ತೆರಡು ವರ್ಷ ದುಡಿದದ್ದು ಹಳೆಯ ನಾಣ್ಯಗಳಿಗೆ ದರ್ಜೆ ಹಾಕುವ ಕಂಪನಿಯಲ್ಲಿ. ಜನ ತಮ್ಮ ನಾಣ್ಯಗಳನ್ನು ಅಲ್ಲಿಗೆ ಕಳಿಸುತ್ತಾರೆ. ಒಳಕೋಣೆಯ ಪರೀಕ್ಷಕರು ಭೂತಗನ್ನಡಿ ಹಿಡಿದು, ಅಸಲಿಯೋ ನಕಲಿಯೋ ನೋಡಿ, ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಆಮೇಲೆ ನಾಣ್ಯ ಅಕ್ಕನ ಮೇಜಿಗೆ ಬರುತ್ತಿತ್ತು. ಅವಳು ಅದನ್ನು ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು, ಮುಂದುಗಡೆ ಅಂಕ ಮತ್ತು ನಂಬರಿನ ಚೀಟಿ ಕೂರಿಸಿ, ಹಿಂದುಗಡೆ ಕಂಪನಿಯ ಗುರುತಾದ ಬೆಳ್ಳಿಬಣ್ಣದ ತಕ್ಕಡಿಯ ಸ್ಟಿಕ್ಕರನ್ನು ಒಳಗಿನಿಂದ ಅಂಟಿಸಿ, ಮಷಿನ್ನಿನ ಕೆಳಗಿಟ್ಟು ಒತ್ತುತ್ತಿದ್ದಳು. ಅಂಚು ಕರಗಿ ಕೂಡಿಕೊಂಡರೆ ಮುಗಿಯಿತು, ಒಡೆಯದೆ ತೆಗೆಯಲಾಗದು. ಅಲ್ಲಿಂದ ಮುಂದೆ ಪೇಟೆಯವರು ನಾಣ್ಯವನ್ನು ನೋಡುವುದಕ್ಕಿಂತ ಡಬ್ಬಿಯನ್ನು ನೋಡುವುದೇ ಹೆಚ್ಚು.

ಬೀಳ್ಕೊಡುಗೆಯ ದಿನ ಮೇಲ್ವಿಚಾರಕಿ ಅವಳಿಗೊಂದು ಹಿತ್ತಾಳೆಯ ಫಲಕ ಕೊಟ್ಟಿದ್ದರು. 'ಇಪ್ಪತ್ತೆರಡು ವರ್ಷ, ಒಂದೂ ತಪ್ಪಿಲ್ಲ' ಎಂದು ಅದರ ಮೇಲೆ ಕೆತ್ತಿಸಿದ್ದರು. ಅದನ್ನು ಗೋಡೆಗೆ ಹಾಕಿದ್ದು ಅಕ್ಕನಲ್ಲ, ತಮ್ಮ. ಮೊಳೆಯೂ ಅವನದೇ, ಸುತ್ತಿಗೆಯೂ ಅವನದೇ. ಮನೆಗೆ ಬಂದವರಿಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದವನೂ ಅವನೇ. ಅವನು ಓದಲು ಶುರುಮಾಡಿದರೆ ಅಕ್ಕ ಏನೋ ನೆಪ ಮಾಡಿ ಅಡುಗೆಮನೆಗೆ ಜಾರಿಕೊಳ್ಳುತ್ತಿದ್ದಳು. ಎಂಥ ವಿನಯ ಎಂದು ಬಂದವರು ತಲೆದೂಗುತ್ತಿದ್ದರು.

ತಮ್ಮ ಬಸ್ ಕಂಡಕ್ಟರಾಗಿ ಮೂವತ್ತು ವರ್ಷ ನಿಂತುಕೊಂಡೇ ಕಳೆದವನು. ಚೀಲಕ್ಕೆ ಬಿದ್ದ ಚಿಲ್ಲರೆಯಲ್ಲಿ ಹಳೆಯದೋ ಅಪರೂಪದ್ದೋ ಕಂಡರೆ, ತನ್ನ ಜೇಬಿನಿಂದ ಅಷ್ಟೇ ಮೊತ್ತ ಚೀಲಕ್ಕೆ ಹಾಕಿ ಆ ನಾಣ್ಯ ಎತ್ತಿಟ್ಟುಕೊಳ್ಳುತ್ತಿದ್ದ. ಪ್ರತಿಯೊಂದನ್ನೂ ಒಂದು ರದ್ದಾದ ಟಿಕೆಟ್ಟಿನಲ್ಲಿ ಸುತ್ತಿ, ಅದರ ಮೇಲೆ ಬಸ್ಸಿನ ನಂಬರು, ತಾರೀಖು, ಕೊಟ್ಟವರು ಯಾರು ಎಂದು ಬರೆದಿಡುತ್ತಿದ್ದ. ಹೆಸರು ಗೊತ್ತಿಲ್ಲದಿದ್ದರೆ 'ಕೊಡೆ ಮರೆತು ಇಳಿದ ಅಜ್ಜಿ', 'ತಪ್ಪು ಬಸ್ಸು ಹತ್ತಿದ ಮದುಮಗ' ಎಂದು ಬರೆಯುತ್ತಿದ್ದ. ಹೀಗೆ ನಾಲ್ಕು ತಗಡಿನ ಡಬ್ಬ ತುಂಬಿತ್ತು. ಆದರೆ ನಾಣ್ಯ ಸಂಗ್ರಾಹಕರ ಸಂಘದಲ್ಲಿ ಅವನಿಗೆ ಸಿಕ್ಕಿದ ಬಿರುದು 'ಚಿಲ್ಲರೆ ಸಾಹೇಬ'. ವರ್ಷಕ್ಕೊಮ್ಮೆ ನಡೆಯುವ ಪ್ರದರ್ಶನದಲ್ಲಿ ಅವನಿಗೆ ಮೂಲೆಯ ಮೇಜು, ಅದೂ ಕೈತೊಳೆಯುವ ಜಾಗದ ಪಕ್ಕ. ಅವನು ನಕ್ಕು ಸುಮ್ಮನಿರುತ್ತಿದ್ದ. ನಗುವವರಿಗೆ ನೋವಾಗುವುದಿಲ್ಲ ಎಂದು ಸಂಘದವರಿಗೆ ಯಾರು ಹೇಳಿದ್ದರೋ ಗೊತ್ತಿಲ್ಲ.

ಆ ದಿನ ಬೆಳಿಗ್ಗೆ ತಮ್ಮ ನಾಲ್ಕೂ ಡಬ್ಬ ಎರಡು ಚೀಲದಲ್ಲಿ ಹೊತ್ತುಕೊಂಡು ಅಕ್ಕನ ಬಾಗಿಲಿಗೆ ಬಂದ.

"ಬೇಗ ಹೊರಡಕ್ಕ. ನಾಣ್ಯದಂಗಡಿಗೆ ಹೋಗೋಣ. ಇದೆಲ್ಲ ಕೊಟ್ಟು ಒಂದೇ ಒಂದು ತಗೋತಿದೀನಿ. ಮೂರು ಹಾಯಿಯ ಹಡಗಿನ ಬೆಳ್ಳಿ ನಾಣ್ಯ, ಅರವತ್ತೈದು ಅಂಕ. ನಾಡಿದ್ದು ಪ್ರದರ್ಶನ. ಈ ಸಲ ನಂಗೆ ನಡುವಿನ ಮೇಜು ಕೊಡ್ತಾರಂತೆ."

"ಎಲ್ಲಾನೂ ಕೊಡ್ತೀಯಾ?"

"ಇಟ್ಕೊಂಡು ಏನ್ಮಾಡ್ಲಿ? ಮೂವತ್ತು ವರ್ಷ ನಗಿಸಿದ್ದು ಸಾಕು." ಆಮೇಲೆ ಮುಖ ಅರಳಿಸಿ ಹೇಳಿದ: "ನಿನ್ನ ಕಂಪನಿ ಡಬ್ಬಿ ಕಣೇ. ನೀನಿದ್ದ ಕಾಲದ್ದು. ನಿನ್ನ ಕೈಯಲ್ಲೇ ಮುಚ್ಚಿದ್ದಿರಬಹುದು. ಅದಕ್ಕೇ ನಾನು ಎರಡನೇ ಮಾತಾಡಲಿಲ್ಲ."

ಅಕ್ಕನಿಗೆ ಹೆಮ್ಮೆಯಾಯಿತು. ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಅಂಗಡಿ ಒಂದು ಓಣಿಯಲ್ಲಿ, ಗಡಿಯಾರ ರಿಪೇರಿಯವನಿಗೂ ಬೀಗದವನಿಗೂ ನಡುವೆ ಸಿಕ್ಕಿಹಾಕಿಕೊಂಡಿತ್ತು. ಒಳಗೆ ಉದ್ದದ ಗಾಜಿನ ಮೇಜು, ಹಸಿರು ಬಟ್ಟೆ ಹಾಸಿದ ತಟ್ಟೆ, ಕುತ್ತಿಗೆ ಬಗ್ಗಿಸುವ ದೀಪ, ಒಂದು ಪುಟ್ಟ ತೂಕದ ಯಂತ್ರ. ಅಂಗಡಿಯವನು ಅರವತ್ತರ ಆಸುಪಾಸಿನವನು, ಕಣ್ಣಿನ ಮೇಲೊಂದು ಹಣೆಯ ಮೇಲೊಂದು ಕನ್ನಡಕ. ಮೋಸಗಾರನಲ್ಲ, ಆದರೆ ಮಾತು ಅಳೆದು ತೂಗಿ ಆಡುವವನು. ಅವನು ತಮ್ಮನ ಡಬ್ಬಗಳನ್ನು ಹತ್ತಿರಕ್ಕೆಳೆದುಕೊಂಡು, ಹಡಗಿನ ನಾಣ್ಯದ ಡಬ್ಬಿಯನ್ನು ಹಸಿರು ಬಟ್ಟೆಯ ಮೇಲಿಟ್ಟ.

"ನಮ್ಮಕ್ಕ," ಎಂದ ತಮ್ಮ ಎದೆಯುಬ್ಬಿಸಿ. "ಡಬ್ಬಿ ಮುಚ್ಚೋ ವಿಭಾಗದಲ್ಲಿದ್ದೋಳು. ಇಪ್ಪತ್ತೆರಡು ವರ್ಷ, ಒಂದೂ ತಪ್ಪಿಲ್ಲ. ಕಂಪನಿಯವರೇ ಬರೆದುಕೊಟ್ಟಿದ್ದಾರೆ."

"ಹಾಗಾದ್ರೆ ಇವರೇ ನೋಡಲಿ," ಎಂದ ಅಂಗಡಿಯವನು.

ಅಕ್ಕ ಡಬ್ಬಿ ಎತ್ತಿಕೊಂಡಳು. ನಾಣ್ಯ ಚೆಂದವಿತ್ತು, ಹಡಗಿನ ಹಗ್ಗಗಳನ್ನೂ ಎಣಿಸಬಹುದಾಗಿತ್ತು. ಚೀಟಿಯ ಮೇಲಿನ ನಂಬರು ಓದಿದಳು. ಕೊನೆಯ ಮೂರು ಅಂಕಿ ನಾನೂರ ಏಳು. ಮತ್ತೊಮ್ಮೆ ಓದಿದಳು. ಡಬ್ಬಿಯನ್ನು ಮೆಲ್ಲಗೆ ತಿರುಗಿಸಿದಳು. ಹಿಂಬದಿಯಲ್ಲಿ ತಕ್ಕಡಿ ನೆಟ್ಟಗೆ, ಸರಿಯಾಗಿ, ಎರಡೂ ತಟ್ಟೆ ಕೆಳಗಾಗಿ ಕೂತಿತ್ತು.

ಅದು ಸರಿಯಾಗಿದ್ದದ್ದೇ ತಪ್ಪಾಗಿತ್ತು. ಅದೇಕೆಂದು ಗೊತ್ತಿದ್ದವಳು ಇಡೀ ಲೋಕದಲ್ಲಿ ಅವಳೊಬ್ಬಳೇ.

ಹತ್ತು ವರ್ಷದ ಹಿಂದಿನ ಮಾತು. ಮಗಳು ಚೊಚ್ಚಲ ಹೆರಿಗೆಗೆ ಆಸ್ಪತ್ರೆ ಸೇರಿದ್ದಳು. ಅಕ್ಕನ ಕೈ ಮಷಿನ್ನಿನ ಮೇಲೆ, ಕಿವಿ ಫೋನಿನ ಮೇಲೆ. ಮಧ್ಯಾಹ್ನ ಸ್ಟಿಕ್ಕರಿನ ಸುರುಳಿ ಮುಗಿದಾಗ ಹೊಸದನ್ನು ಹಾಕಿದಳು, ಹಾಕುವಾಗ ಹಿಂದುಮುಂದಾಯಿತು. ಒಬ್ಬರೇ ಗಿರಾಕಿ ಕಳಿಸಿದ್ದ ಇಪ್ಪತ್ತು ಹಡಗಿನ ನಾಣ್ಯ ತಟ್ಟೆಯಲ್ಲಿದ್ದವು. ಇಪ್ಪತ್ತನ್ನೂ ಮುಚ್ಚಿದ ಮೇಲೆ ಫೋನು ಬಂತು, ಹೆಣ್ಣುಮಗು, ಇಬ್ಬರೂ ಕ್ಷೇಮ. ಕಣ್ಣೊರೆಸಿಕೊಂಡು ತಟ್ಟೆಯತ್ತ ನೋಡಿದರೆ ಇಪ್ಪತ್ತೂ ತಕ್ಕಡಿ ತಲೆಕೆಳಗು, ತಟ್ಟೆಗಳು ಆಕಾಶ ನೋಡುತ್ತಿದ್ದವು. ಸರಿಮಾಡಬೇಕೆಂದರೆ ಮೇಲ್ವಿಚಾರಕಿಗೆ ಹೇಳಬೇಕು, ಇಪ್ಪತ್ತನ್ನೂ ಒಡೆಯಬೇಕು, ಮತ್ತೆ ಮುಚ್ಚಬೇಕು, ಕತ್ತಲಾಗುವವರೆಗೆ ಕೂರಬೇಕು. ಅವಳಿಗೆ ಮೊಮ್ಮಗಳ ಮುಖ ನೋಡಬೇಕಿತ್ತು. ತಟ್ಟೆಯನ್ನು ರವಾನೆಯ ಗಾಡಿಗೆ ತಳ್ಳಿ ಆಸ್ಪತ್ರೆಗೆ ಓಡಿದಳು. ಯಾರೂ ಕೇಳಲಿಲ್ಲ. ನಾನೂರ ಒಂದರಿಂದ ನಾನೂರ ಇಪ್ಪತ್ತು. ಗಂಡನ ಫೋನ್ ನಂಬರು ಮರೆತರೂ ಈ ನಂಬರು ಮರೆಯುವಂತಿರಲಿಲ್ಲ.

ಅಂದಮೇಲೆ ಅಸಲಿ ನಾನೂರ ಏಳರ ಹಿಂದೆ ತಕ್ಕಡಿ ತಲೆಕೆಳಗಾಗಿಯೇ ಇರಬೇಕು. ಯಾವನೋ ಅದರ ಮುಂಬದಿಯ ಫೋಟೋ ನೋಡಿ ನಂಬರು ಕದ್ದಿದ್ದಾನೆ, ಹಿಂಬದಿಗೆ ಎಲ್ಲ ಡಬ್ಬಿಗಳ ಹಾಗೆ ನೆಟ್ಟಗಿನ ತಕ್ಕಡಿ ಅಂಟಿಸಿದ್ದಾನೆ. ಡಬ್ಬಿ ನಕಲಿ, ಒಳಗಿನ ಹಡಗೂ ನಕಲಿಯೇ ಇರಬೇಕು.

ಇಷ್ಟನ್ನು ಬಾಯಿಬಿಟ್ಟು ಹೇಳಿದರೆ ತಮ್ಮ ಉಳಿಯುತ್ತಾನೆ. ಆದರೆ ಹೇಳಬೇಕಾದದ್ದು ಆ ತಮ್ಮನ ಎದುರಿಗೇ. ಅವನ ಬಾಯಲ್ಲಿ 'ಒಂದೂ ತಪ್ಪಿಲ್ಲ' ಎಂಬ ಮಾತು ಇನ್ನೂ ಆರಿರಲಿಲ್ಲ. ಅಕ್ಕ ಬೇರೆ ದಾರಿ ಹುಡುಕಿದಳು.

"ಯಾಕೋ ಈ ಅಂಚು ದಪ್ಪ ಅನ್ಸುತ್ತೆ," ಎಂದಳು.

ಅಂಗಡಿಯವನು ದೀಪ ಬಗ್ಗಿಸಿ, ಹಣೆಯ ಕನ್ನಡಕ ಕಣ್ಣಿಗಿಳಿಸಿ ನೋಡಿದ. "ಸರಿಯಾಗೇ ಇದೆಯಲ್ಲಮ್ಮ."

"ನಂಬರು ನೋಡಿದ್ರಾ?"

ಅವನು ಫೋನಿನಲ್ಲಿ ಕಂಪನಿಯ ಪುಟ ತೆರೆದು ನಂಬರು ಒತ್ತಿದ. ಹಡಗಿನ ನಾಣ್ಯ, ಅರವತ್ತೈದು ಅಂಕ, ಮುಂಬದಿಯ ಫೋಟೋ, ಎಲ್ಲ ತಾಳೆಯಾಯಿತು. ತಮ್ಮ ಅಕ್ಕನ ಮುಖ ನೋಡಿದ.

"ಒಂದು ಸಲ ಕಂಪನಿಗೆ ಕಳಿಸಿ ಕೇಳಬಹುದಲ್ಲ," ಎಂದಳು ಅಕ್ಕ.

"ಕಳಿಸಿದ್ರೆ ಸರದಿ ಬರೋಕೇ ಎರಡು ತಿಂಗಳು. ಇವರಿಗೆ ಬೇಕಿರೋದು ನಾಡಿದ್ದಿಗೆ," ಎಂದ ಅಂಗಡಿಯವನು.

"ಏನಕ್ಕ ನೀನು," ಎಂದ ತಮ್ಮ ತಗ್ಗಿದ ದನಿಯಲ್ಲಿ. "ನಂಗೂ ಒಂದು ಒಳ್ಳೇದು ಸಿಗಬಹುದು ಅಂತ ನಿಂಗೂ ಅನ್ಸಲ್ವಾ? ನೀನೂ ನನ್ನ ಚಿಲ್ಲರೆ ಅಂದ್ಕೊಂಡಿದೀಯಾ?"

ಅಕ್ಕ ಡಬ್ಬಿಯಿಂದ ಕೈ ತೆಗೆದಳು. ಸಂಘದವರು ಸಾವಿರ ಸಲ ಅಂದದ್ದು ಅವನಿಗೆ ತಾಗಿರಲಿಲ್ಲವೇನೋ, ಅವಳು ಅನ್ನದೇ ಇದ್ದದ್ದು ತಾಗಿತ್ತು.

ಅಂಗಡಿಯವನು ವ್ಯಾಪಾರ ಮುಗಿಯಿತೆಂದುಕೊಂಡು ಮೊದಲ ತಗಡಿನ ಡಬ್ಬ ತೆರೆದ. ಪೊಟ್ಟಣ ಬಿಚ್ಚುವುದು, ನಾಣ್ಯವನ್ನು ತಟ್ಟೆಗೆ ಹಾಕುವುದು, ಟಿಕೆಟ್ಟನ್ನು ಮುದುರಿ ಕಾಲಬಳಿಯ ಕಸದ ಬುಟ್ಟಿಗೆ ಎಸೆಯುವುದು. ಚೆನ್ನಾಗಿದ್ದದ್ದು ಒಂದು ತಟ್ಟೆಗೆ, ಉಳಿದದ್ದು ತೂಕಕ್ಕೆ ಹೋಗುವ ರಾಶಿಗೆ. ಕೈ ಪಟಪಟನೆ ಓಡುತ್ತಿತ್ತು. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ, ಅವನ ಕೆಲಸ ಅದು. ಆದರೆ ಪ್ರತಿ ಟಿಕೆಟ್ಟು ಬುಟ್ಟಿಗೆ ಬಿದ್ದಾಗಲೂ ತಮ್ಮನ ಕಣ್ಣು ಅದರ ಹಿಂದೆಯೇ ಬುಟ್ಟಿಯೊಳಕ್ಕೆ ಇಳಿದು ಬರುತ್ತಿದ್ದುದನ್ನು ಅಕ್ಕ ನೋಡಿದಳು.

"ಆ ಕಾಗದ ಬೇಕಾ ನಿಮಗೆ?" ಎಂದ ಅಂಗಡಿಯವನು, ಅದನ್ನು ಗಮನಿಸಿ.

"ಬೇಡ ಬೇಡ. ಸುಮ್ನೆ ಬರೆದಿಟ್ಟಿದ್ದು," ಎಂದ ತಮ್ಮ.

ಅಕ್ಕ ಬಗ್ಗಿ ಬುಟ್ಟಿಯಿಂದ ಮೇಲಿನ ಟಿಕೆಟ್ಟು ಎತ್ತಿಕೊಂಡಳು. ಬಿಡಿಸಿದಳು. 'ಹದಿನೆಂಟನೇ ನಂಬರು. ಕಿಟಕಿ ಪಕ್ಕದ ಸೀಟು ಬೇಕೆಂದು ಅತ್ತ ಮಗು.' ತಮ್ಮನ ದುಂಡನೆಯ ಅಕ್ಷರ. ಅಕ್ಕನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಒಂದು ಹಿತ್ತಾಳೆ ತುಂಡಿಗಾಗಿ ಇವನ ಮೂವತ್ತು ವರ್ಷವನ್ನು ಬುಟ್ಟಿಗೆ ಹಾಕಿಸುತ್ತಾ ನಿಂತಿದ್ದೀನಲ್ಲ ಎನಿಸಿತು.

"ನಿಲ್ಲಿಸಿ," ಎಂದಳು. "ಆ ಡಬ್ಬಿ ನಕಲಿ."

ಅಂಗಡಿಯವನ ಕೈ ನಿಂತಿತು. "ಅದು ಹೇಗೆ ಹೇಳ್ತೀರಿ?"

"ಆ ನಂಬರಿನ ಡಬ್ಬಿ ಮುಚ್ಚಿದೋಳು ನಾನು. ಅದರ ಹಿಂದೆ ತಕ್ಕಡಿ ತಲೆಕೆಳಗಾಗಿರಬೇಕು. ನಾನು ತಪ್ಪು ಮಾಡಿದ್ದೆ." ಇಷ್ಟು ಹೊರಗೆ ಬಂದ ಮೇಲೆ ಉಳಿದದ್ದು ತಾನಾಗಿಯೇ ಬಂತು. ಸುರುಳಿ, ಫೋನು, ಮೊಮ್ಮಗಳು, ರವಾನೆಯ ಗಾಡಿ. ಯಾವುದನ್ನೂ ಬಿಡಲಿಲ್ಲ, ಯಾವುದಕ್ಕೂ ಬಣ್ಣ ಹಚ್ಚಲಿಲ್ಲ.

ತಮ್ಮ ಬಾಯಿ ತೆರೆದುಕೊಂಡು ಕೇಳಿದ. "ಎಷ್ಟು ಡಬ್ಬಿ?"

"ಇಪ್ಪತ್ತು."

"ನಾನು ಮನೆಗೆ ಬಂದೋರಿಗೆಲ್ಲ ಓದಿ ಹೇಳುವಾಗ ನೀನು ಅಡುಗೆಮನೆಗೆ ಹೋಗ್ತಿದ್ದದ್ದು..."

"ನಾಚಿಕೆಗೆ ಕಣೋ."

ತಮ್ಮನ ಹೊಟ್ಟೆಯೊಳಗಿನಿಂದ ನಗು ಎದ್ದು ಬಂತು. ಭುಜ ಕುಲುಕಿಸಿಕೊಂಡು, ಗಾಜಿನ ಮೇಜು ಹಿಡಿದುಕೊಂಡು ನಕ್ಕ. "ಗೊತ್ತಿದ್ರೆ ಮೊಳೆ ಆದ್ರೂ ಉಳಿಸ್ತಿದ್ನಲ್ಲೇ," ಎಂದ. ಅಕ್ಕನಿಗೂ ನಗು ಬಂತು, ಜೊತೆಗೆ ಕಣ್ಣೀರೂ ಬಂತು.

ನಗದೇ ಇದ್ದವನು ಅಂಗಡಿಯವನೊಬ್ಬನೇ. ಅವನ ಮುಖ ಬಿಳಿಚಿಕೊಂಡಿತ್ತು.

"ಯಾವ ನಂಬರಿನಿಂದ ಯಾವ ನಂಬರಿಗೆ ಅಂದ್ರಿ?" ಎಂದು ಕೇಳಿದ.

ಅಕ್ಕ ಹೇಳಿದಳು. ಅವನು ಎದ್ದು ಒಳಗೆ ಹೋದ. ಖಾನೆಯೊಂದು ಕಿರುಗುಟ್ಟಿತು. ಬರುವಾಗ ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ಏನೋ ಇತ್ತು. ಬಿಚ್ಚಿ ಮೇಜಿನ ಮೇಲಿಟ್ಟ. ಅದೇ ಹಡಗು, ಅದೇ ಬಗೆಯ ಡಬ್ಬಿ, ನಂಬರು ನಾನೂರ ಹದಿಮೂರು. ಅಕ್ಕ ಮಗುಚಿದಳು. ತಕ್ಕಡಿಯ ಎರಡೂ ತಟ್ಟೆ ಆಕಾಶ ನೋಡುತ್ತಿದ್ದವು.

"ಇದು ನಂದೇ," ಎಂದಳು ಅಕ್ಕ. ಕಳೆದುಹೋದ ಮಗು ಸಿಕ್ಕಿದವರ ಹಾಗೆ ಅದನ್ನು ಹೆಬ್ಬೆರಳಿನಿಂದ ಸವರಿದಳು.

"ಹಾಗಾದ್ರೆ ಇದು ಅಸಲಿ."

"ಅಪ್ಪಟ ಅಸಲಿ."

ಅಂಗಡಿಯವನು ಕುರ್ಚಿಯಲ್ಲಿ ಕುಸಿದ. "ಇದನ್ನ ನಂಗೆ ಕೊಟ್ಟೋನು ನನ್ನ ಷಡ್ಡಕ. ನನ್ನ ಹೆಂಡತಿ ತಂಗಿ ಗಂಡ. ಇಬ್ರೂ ಸೇರಿ ಈ ಅಂಗಡಿ ಶುರು ಮಾಡಿದ್ದು. ಒಂಬತ್ತು ವರ್ಷದ ಹಿಂದೆ ಒಂದಿನ ಇದರ ಹಿಂಭಾಗ ನೋಡ್ದೆ. ನಕಲಿ ಡಬ್ಬಿ ತಂದು ನಂಗೇ ಟೋಪಿ ಹಾಕಿದಾನೆ ಅಂದ್ಕೊಂಡೆ. ಬಾಯಿಗೆ ಬಂದ ಹಾಗೆ ಬೈದೆ. ಅವತ್ತು ಈ ಮೆಟ್ಟಿಲು ಇಳಿದು ಹೋದೋನು ಮತ್ತೆ ಹತ್ತಲಿಲ್ಲ."

"ಕಂಪನಿಗೆ ಕಳಿಸಿ ಕೇಳಲಿಲ್ವಾ?" ಎಂದ ತಮ್ಮ.

"ಮನೆಯೋನೇ ಮೋಸ ಮಾಡಿದ ಅಂತ ಊರಿಗೆಲ್ಲ ಗೊತ್ತಾಗುತ್ತಲ್ಲ. ಮಾನಕ್ಕೆ ಹೆದರಿ ಖಾನೆ ತಳಕ್ಕೆ ಹಾಕ್ದೆ."

ಅಕ್ಕ ಆ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟಳು. ತನ್ನ ತಪ್ಪಿನಿಂದ ಯಾರಿಗೂ ಏನೂ ಆಗಿಲ್ಲ ಎಂದು ಹತ್ತು ವರ್ಷ ತನಗೆ ತಾನೇ ಹೇಳಿಕೊಂಡು ನಿದ್ದೆ ಮಾಡಿದ್ದಳು.

ಅಂಗಡಿಯವನು ಇಕ್ಕಳ ತೆಗೆದು ನೆಟ್ಟಗಿನ ತಕ್ಕಡಿಯ ಡಬ್ಬಿಯನ್ನು ತಾನೇ ಒಡೆದ. ಒಳಗಿನ ಹಡಗನ್ನು ತೂಕಕ್ಕೆ ಹಾಕಿದರೆ ಕಾಲು ಭಾಗ ಕಡಿಮೆ ಬಂತು. "ಹೋದ ತಿಂಗಳು ಮಾರೋಕೆ ಬಂದಿದ್ದೋನ ವಿಳಾಸ ಇದೆ. ಅವನನ್ನ ನಾನು ನೋಡ್ಕೋತೀನಿ," ಎಂದ. ಆದರೆ ಅವನ ಗಮನ ಅಲ್ಲಿರಲಿಲ್ಲ. ಫೋನು ಕೈಗೆತ್ತಿಕೊಂಡ, ಕೆಳಗಿಟ್ಟ, ಮತ್ತೆ ಎತ್ತಿಕೊಂಡ. ಒಂಬತ್ತು ವರ್ಷದಲ್ಲಿ ಅಳಿಸದೇ ಇಟ್ಟಿದ್ದ ನಂಬರು ಒತ್ತಿ, ಧೈರ್ಯ ಸಾಲದೆ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟ.

"ಯಾರು?" ಎಂದಿತು ಅತ್ತಲಿನ ದನಿ. ಆಮೇಲೆ, "ಓ. ನೀನಾ."

"ಆ ಹಡಗು ಅಸಲಿ ಕಣೋ."

"ಅವತ್ತು ನಾನು ಹೇಳಿದ್ದೂ ಅದನ್ನೇ ಅಲ್ವಾ," ಎಂದಿತು ದನಿ.

ಅಂಗಡಿಯವನು ಅಕ್ಕನತ್ತ ನೋಡಿದ. ಅಕ್ಕ ಫೋನಿನ ಮೇಲೆ ಬಗ್ಗಿದಳು.

"ತಪ್ಪು ಇವರದಲ್ಲ, ನಂದು. ಆ ಡಬ್ಬಿ ಮುಚ್ಚಿದೋಳು ನಾನು." ಎರಡನೇ ಸಲ ಹೇಳುವುದು ಮೊದಲಿನಷ್ಟು ಕಷ್ಟವಾಗಲಿಲ್ಲ. ಕೊನೆಯಲ್ಲಿ, "ನಿಮ್ಮ ಒಂಬತ್ತು ವರ್ಷ ವಾಪಸ್ ಕೊಡೋಕೆ ನನ್ನ ಕೈಲಾಗಲ್ಲ. ಕ್ಷಮಿಸಿ ಅಂತ ಕೇಳಬಹುದು, ಅಷ್ಟೇ," ಎಂದಳು.

"ಅಮ್ಮಾ," ಎಂದಿತು ದನಿ ನಿಧಾನಕ್ಕೆ, "ಈ ಒಂಬತ್ತು ವರ್ಷವೂ ನನ್ನ ಹೆಂಡತಿ ವಾರವಾರ ಅವಳಕ್ಕನ ಮನೆಗೆ ಹಿಂಬಾಗಿಲಿಂದ ಹೋಗಿ ಬರ್ತಿದ್ದಾಳೆ. ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ದಾಳೆ."

"ನಂಗೂ ಗೊತ್ತಿಲ್ಲ ಅಂದ್ಕೊಂಡಿದ್ದಾರೆ," ಎಂದ ಅಂಗಡಿಯವನು, ಮೂಗು ಒರೆಸಿಕೊಳ್ಳುತ್ತಾ.

"ಹಾಗಾದ್ರೆ ಇವತ್ತು ಸಂಜೆ ನಾನೂ ಅವಳ ಜೊತೆ ಬರ್ತೀನಿ. ಮುಂಬಾಗಿಲು ತೆಗೆದಿಟ್ಟಿರು." ಫೋನು ಇಡುವ ಮುಂಚೆ ದನಿ ಮತ್ತೆ ಕೇಳಿತು: "ಅಮ್ಮಾ, ಇಪ್ಪತ್ತು ಅಂದ್ರಲ್ಲ. ಇದು ಒಂದಾಯ್ತು. ಉಳಿದ ಹತ್ತೊಂಬತ್ತು ಎಲ್ಲಿದ್ದಾವೆ?"

ಅಕ್ಕ ಮುಂದಿದ್ದ ನಾನೂರ ಹದಿಮೂರನ್ನು ಮತ್ತೆ ಮಗುಚಿ ನೋಡಿದಳು.

ಬುಟ್ಟಿಗೆ ಬಿದ್ದ ಟಿಕೆಟ್ಟುಗಳನ್ನು ಮೂವರೂ ಸೇರಿ ಹೆಕ್ಕಿದರು. ಯಾವ ನಾಣ್ಯಕ್ಕೆ ಯಾವ ಟಿಕೆಟ್ಟು ಎಂಬುದರಲ್ಲಿ ತಮ್ಮನಿಗೆ ಒಂದೂ ತಪ್ಪಲಿಲ್ಲ. ಅವನು ಓದಿ ಓದಿ ಸುತ್ತುತ್ತಿದ್ದರೆ ಅಂಗಡಿಯವನು ಕೆಲಸ ಮರೆತು ಕೇಳುತ್ತಾ ಕೂತ. ತಪ್ಪು ಬಸ್ಸಿನ ಮದುಮಗ ಕೊನೆಗೆ ಮುಹೂರ್ತಕ್ಕೆ ಮುಟ್ಟಿದನೇ ಎಂದು ಕೇಳಿದ. ಮುಟ್ಟಿಸಿದ್ದು ನಾನೇ ಎಂದ ತಮ್ಮ. ಆಮೇಲೆ ಅಂಗಡಿಯವನು, "ನಾಡಿದ್ದು ಇವನ್ನ ಟಿಕೆಟ್ ಸಮೇತ ಮೇಜಿನ ಮೇಲೆ ಹರಡಿ. ನಿಮ್ಮದು ಮೂಲೆ ಮೇಜಾದ್ರೆ ಮೂಲೆಗೇ ಬಂದು ನಿಲ್ತೀನಿ," ಎಂದ. ತಮ್ಮ ಆ ಮಾತನ್ನು ಬಸ್ ನಿಲ್ದಾಣದವರೆಗೂ ನಾಲ್ಕು ಸಲ ಅಕ್ಕನಿಗೆ ಹೇಳಿದ.

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ತಮ್ಮ ಡಬ್ಬಗಳನ್ನು ತೊಡೆಯ ಮೇಲಿಟ್ಟುಕೊಂಡು ಹಾಯಾಗಿ ಕೂತಿದ್ದ. ಅಕ್ಕ ಕಿಟಕಿಯಾಚೆ ಹಾದುಹೋಗುವ ಮನೆಗಳನ್ನು ನೋಡುತ್ತಿದ್ದಳು. ಸಾಲು ಸಾಲು ಬಾಗಿಲು, ಒಳಗೆ ಸಾಲು ಸಾಲು ಖಾನೆ. ಯಾವ ಖಾನೆಯ ತಳದಲ್ಲಿ ಅವಳ ತಕ್ಕಡಿ ಬಿದ್ದಿದೆಯೋ, ಅದರಿಂದಾಗಿ ಯಾರು ಯಾರ ಮನೆ ಮೆಟ್ಟಿಲು ಹತ್ತುತ್ತಿಲ್ಲವೋ.

ಮನೆಯ ನಿಲ್ದಾಣ ಬಂತು. ತಮ್ಮ ಎದ್ದ. ಅಕ್ಕ ಏಳಲಿಲ್ಲ.

"ಇಳಿಯಲ್ವಾ?"

"ಇನ್ನು ಎರಡು ನಿಲ್ದಾಣ ಹೋದ್ರೆ ಆಫೀಸು. ಐದು ಗಂಟೆವರೆಗೂ ಮೇಲ್ವಿಚಾರಕಿ ಇರ್ತಾರೆ."

"ಏನಂತ ಹೇಳ್ತೀಯಾ?"

"ಹತ್ತೊಂಬತ್ತು ಮನೆಗೆ ಕಾಗದ ಬರೀಬೇಕು, ಅವತ್ತು ಕಳಿಸಿದ್ದ ಗಿರಾಕಿಯನ್ನ ಕೇಳಿ ವಿಳಾಸ ಹುಡುಕಿ ಕೊಡಿ ಅಂತ. ಕೆಳಗೆ ಸಹಿ ನಂದೇ ಇರಲಿ ಅಂತ."

ತಮ್ಮ ಒಂದು ಗಳಿಗೆ ಅವಳನ್ನು ನೋಡಿದ. ಮತ್ತೆ ಪಕ್ಕದಲ್ಲಿ ಕೂತು, ಡಬ್ಬಗಳನ್ನು ಒಂದು ಕೈಗೆ ಸರಿಸಿಕೊಂಡು, ಇನ್ನೊಂದು ಕೈಯಿಂದ ಅಕ್ಕನ ಕೈ ಹಿಡಿದುಕೊಂಡ. ಅವಳು ನೆಮ್ಮದಿಯಾಗಿದ್ದಳು.